ತಂಬೂರಿ ಕೇಳಿಸಿದ ಅಣ್ಣನಿಗೆ

ಕಳೆದ ಶನಿವಾರ ಮುಂಬೈನ ಮಾಟುಂಗಾದಲ್ಲಿ ದಾಸರ ಪದಗಳ ಕಛೇರಿ ಇತ್ತು. ಶೂಟಿಂಗ್ ನಮ್ಮ ತಂಡದ್ದು. ಶುರುವಾಗಲು ಹತ್ತೇ ನಿಮಿಷ ಇರುವಾಗ ಹೆಡ್‌ಫೋನ್‌ನಲ್ಲಿ ಗುಂಯ್ ಅಂತ ಸದ್ದು. ಕೇಬಲ್ ಬದಲಿಸಿದೆವು, ಮೈಕ್ ಬದಲಿಸಿದೆವು. ಊಹೂಂ.

ಆಗ ಹಿಂದಿನ ಸಾಲಿನಿಂದ ನೀವು ಎದ್ದು ಬಂದಿರಿ. "ಮಿಕ್ಸರ್‌ಗೆ ಕರೆಂಟು ಎಲ್ಲಿಂದ? ರೆಕಾರ್ಡರ್‌ಗೆ ಎಲ್ಲಿಂದ?" ಎರಡೇ ಪ್ರಶ್ನೆ. ಮಿಕ್ಸರ್ ವೇದಿಕೆ ಪಕ್ಕದ ಬೋರ್ಡಿನಲ್ಲಿತ್ತು, ನಮ್ಮದು ಹಿಂದಿನ ಗೋಡೆಯದರಲ್ಲಿ. ಅರ್ಥಿಂಗ್ ಎರಡು ಕಡೆ ಆದರೆ 50 ಹರ್ಟ್ಸ್ ಕರೆಂಟಿನ ಸದ್ದು ಆಡಿಯೋ ಕೇಬಲ್ ಒಳಗೆ ಸೇರಿಕೊಳ್ಳುತ್ತದೆ ಅಂದಿರಿ. ಬಿಳಿ ಪಂಚೆಗೆ ಧೂಳು ಹತ್ತಿದ್ದನ್ನೂ ನೋಡದೆ ಮಂಡಿಯೂರಿ ಕೂತು, ವೈರ್ ಎಳೆದು, ಎರಡನ್ನೂ ಒಂದೇ ಬೋರ್ಡಿಗೆ ಹಾಕಿದಿರಿ. ಸದ್ದು ತಟ್ಟನೆ ನಿಂತಿತು. ತಂಬೂರಿ ಕೇಳಿಸಿತು.

ಚಿತ್ರ ಕೆಟ್ಟರೆ ಇನ್ನೊಂದು ಕ್ಯಾಮೆರಾದ ಶಾಟ್ ಹಾಕಬಹುದು. ಹಾಡೇ ಕೆಟ್ಟರೆ ಏನು ಮಾಡೋದು, ಅಲ್ವಾ? ಅದೂ 70 ದಾಟಿದ ಗಾಯಕಿ. ಅವತ್ತಿನ ಆ ದನಿ ಮತ್ತೆ ಸಿಗುತ್ತಿರಲಿಲ್ಲ.

ಮಂಗಳ ಹಾಡುವ ಮೊದಲೇ ನೀವು ಲೋಕಲ್ ಹಿಡಿಯಲು ಹೊರಟಿದ್ದಿರಿ. ಹೆಸರು ಕೇಳಲೂ ಆಗಲಿಲ್ಲ. ಇವತ್ತು ಎಡಿಟಿಂಗ್ ಮುಗಿಯಿತು. ಮೊದಲ ಒಂದು ನಿಮಿಷ ಬರೀ ತಂಬೂರಿಯನ್ನೇ ಬಿಟ್ಟಿದ್ದೇವೆ. ತುಂಬಾ ಥ್ಯಾಂಕ್ಸ್, ಅಣ್ಣಾ.