ಒಂದೇ ಟವರ್ ಇರುವ ಊರಿನಿಂದ ಸಂಸದರಿಗೆ

ಮಾನ್ಯ ಮೈಸೂರು–ಕೊಡಗು ಸಂಸದರೇ,

ನಮಸ್ಕಾರ. ಭಾಗಮಂಡಲ ದಾರಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ, ಜೊತೆಗೆ ಎರಡು ಕೋಣೆಯ ಹೋಂಸ್ಟೇ. ಮಳೆಗಾಲದಲ್ಲಿ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ಹಿಂದಿನ ಬರೆ ಹತ್ತಬೇಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಕಾಲಿಗೆ ಜಿಗಣೆ. ಎರಡು ಕಡ್ಡಿ ಬಂದರೆ ನಮ್ಮ ವೆಬ್‌ಸೈಟಿಗೆ ಬುಕಿಂಗ್ ಬಂದಿದೆಯಾ ಅಂತ ನೋಡುತ್ತೇನೆ.

ಟವರ್ ದೂರು ನಿಮಗೆ ದಿನಾ ಬರುತ್ತಿರಬಹುದು. ನನ್ನದು ಬೇರೆ ವಿಷಯ, ನೆಟ್ ನ್ಯೂಟ್ರಾಲಿಟಿ. ಯಾವ ಆಪ್, ಯಾವ ವೆಬ್‌ಸೈಟ್ ಆದರೂ ಮೊಬೈಲ್ ಕಂಪನಿ ಒಂದೇ ಥರ ತಲುಪಿಸಬೇಕು. ಒಂದನ್ನು ಓಡಿಸಿ ಇನ್ನೊಂದನ್ನು ತೆವಳಿಸಬಾರದು.

2015ರಲ್ಲಿ ಇದಕ್ಕಾಗಿ ಲಕ್ಷಗಟ್ಟಲೆ ಜನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಇಮೇಲ್ ಕಳಿಸಿದರು. 2016ರ ಫೆಬ್ರವರಿ 8ರಂದು ಟ್ರಾಯ್, ಆಪ್ ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50,000 ರೂಪಾಯಿ, ಹೆಚ್ಚೆಂದರೆ 50 ಲಕ್ಷ ದಂಡ. ವಿಪತ್ತಿನ ಹೊತ್ತಿನಲ್ಲಿ ದರ ಇಳಿಸಲು ಮಾತ್ರ ಅವಕಾಶ ಬಿಟ್ಟಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಂಡ ನಮಗೆ ಆ ಅವಕಾಶದ ಬೆಲೆ ಗೊತ್ತು. ತಡೆಯುವುದು, ನಿಧಾನ ಮಾಡುವುದು ಕೂಡ ಬೇಡ ಎಂದು 2018ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಒಪ್ಪಿತು.

ಈಗ ಕಂಪನಿಗಳ ಹೊಸ ರಾಗ: ಜಾಸ್ತಿ ಡೇಟಾ ಎಳೆಯುವ ಆಪ್‌ಗಳು ನಮಗೂ ಪಾಲು ಕೊಡಲಿ. ಕುಶಾಲನಗರಕ್ಕೆ ಕಾಫಿ ಮೂಟೆ ಸಾಗಿಸಲು ಪಿಕಪ್‌ಗೆ ನಾನು ಬಾಡಿಗೆ ಕೊಟ್ಟಾಗಿದೆ. ಅಲ್ಲಿ ಮೂಟೆ ಇಳಿಸಿಕೊಳ್ಳುವವರ ಹತ್ತಿರವೂ ಅದೇ ಬಾಡಿಗೆ ಕೇಳಿದರೆ? ಡೇಟಾಗೆ ನಾವು ರೀಚಾರ್ಜ್ ಮಾಡಿಸಿದ್ದೇವೆ ಅಲ್ವಾ? ಇವತ್ತು ಪಾಲು ಕೊಟ್ಟ ದೊಡ್ಡವರು ನಾಳೆ ಸುಮ್ನೆ ಇರುತ್ತಾರಾ? ನಮ್ಮದು ಮೊದಲು ಹೋಗಲಿ ಅಂತಾರೆ. ಆಗ ದೊಡ್ಡ ಬುಕಿಂಗ್ ಆಪ್ ತಟ್ಟನೆ ತೆರೆಯುತ್ತದೆ, ನನ್ನ ಎರಡು ಕೋಣೆಯ ವೆಬ್‌ಸೈಟ್ ಸುತ್ತುತ್ತಲೇ ಇರುತ್ತದೆ.

ಬೆಂಗಳೂರಿನಲ್ಲಾದರೆ ಸಿಮ್ ಬದಲಿಸಿ ಎನ್ನಬಹುದು. ನಮ್ಮ ಬರೆ ಮೇಲೆ ಸಿಗುವುದೇ ಒಂದು ಕಂಪನಿ. 2025ರ ಜನವರಿಯಲ್ಲಿ ಅಮೆರಿಕದ ಕೋರ್ಟು ಅಲ್ಲಿನ ಇಂಥ ನಿಯಮವನ್ನು ತಳ್ಳಿಹಾಕಿತು. ನಾಳೆ ಇಲ್ಲೂ ಅದನ್ನೇ ತೋರಿಸುತ್ತಾರೆ ನೋಡಿ.

ಗುಡ್ಡದಲ್ಲಿ ಟವರ್ ಹಾಕುವುದು ದುಬಾರಿ, ಒಪ್ಪುತ್ತೇನೆ. ಅದಕ್ಕೆಂದೇ ಡಿಜಿಟಲ್ ಭಾರತ್ ನಿಧಿ ಇದೆ. ಅದರಿಂದ ನಮ್ಮ ಕಡೆಗೆ ದುಡ್ಡು ತನ್ನಿ. ನಿಯಮ ಸಡಿಲಿಸುವ ಮಾತು ಸಂಸತ್ತಿನಲ್ಲಿ ಬಂದರೆ ನೀವು ಯಾವ ಕಡೆ ಎಂದು ತಿಳಿಸಿ.

ಉತ್ತರವನ್ನು ದಯವಿಟ್ಟು ಅಂಚೆಯಲ್ಲೇ ಕಳಿಸಿ. ಇಮೇಲ್ ಆದರೆ ಬರೆ ಹತ್ತಬೇಕು.

ಇತಿ,
ಭಾಗಮಂಡಲ ದಾರಿಯ ಒಬ್ಬ ಬೆಳೆಗಾರ