ರೀಲಿನ ಪೆಟ್ಟಿಗೆ ತೆರೆಯುವ ಮುನ್ನ

ಪುಟ್ಟಿ,

ಬಿಲ್ಲು-ಬಾಣದಲ್ಲಿ ಮೀನು ಹೊಡೆಯಲು ಬಿಲ್ಲಿಗೆ ಕೂರಿಸುವ ದಾರದ ರೀಲುಗಳಲ್ಲಿ ನೀನು ಗುರುತು ಹಾಕಿದ್ದು ಗುಂಡಿ ಒತ್ತುವ ರೀಲಿಗೆ, ಬಂದಿರುವುದು ಬಾಟಲಿ ರೀಲು. ಮುಖ ಊದಿಸಿಕೊಳ್ಳುವ ಮೊದಲು ಇದನ್ನೊಮ್ಮೆ ಓದಿಬಿಡು.

ಗಾಳದ ರೀಲು ಮೀನನ್ನು ದಣಿಸಿ ಎಳೆಯುವುದಕ್ಕೆ. ಬಿಲ್ಲಿನ ರೀಲಿನ ಮೊದಲ ಕೆಲಸ ಬೇರೆ: ಬಾಣ ಹೊರಟ ಗಳಿಗೆಯಲ್ಲಿ ದಾರವನ್ನು ತಡೆಯಿಲ್ಲದೆ ಬಿಟ್ಟುಕೊಡುವುದು. ಮೀನಿನ ಬಾಣಕ್ಕೆ ಗರಿ ಇಲ್ಲ, ಒಳಗೆ ಟೊಳ್ಳೂ ಇಲ್ಲ. 32 ಇಂಚಿನ ಗಟ್ಟಿ ಫೈಬರ್‌ಗ್ಲಾಸ್ ಬಾಣ ಮೊನೆ ಸೇರಿ ಸುಮಾರು 90 ಗ್ರಾಂ ತೂಗುತ್ತದೆ. ಅಷ್ಟು ಭಾರ ಓಡುತ್ತಿರುವಾಗ ದಾರ ಸಿಕ್ಕಿಕೊಂಡರೆ ಒಂದೋ ದಾರ ಹರಿದು ಬಾಣ ನೀರುಪಾಲು, ಇಲ್ಲವೇ ಹಿಗ್ಗಿದ ದಾರ ಬಾಣವನ್ನು ಬಿಟ್ಟವರ ಮುಖಕ್ಕೇ ವಾಪಸ್ ತರುತ್ತದೆ.

ಗುಂಡಿಯ ರೀಲಿನ ತೊಂದರೆ ಇಲ್ಲೇ. ಪ್ರತಿ ಸಲ ಬಿಲ್ಲೆಳೆಯುವ ಮೊದಲು ಗುಂಡಿ ಒತ್ತಲೇಬೇಕು. ಒತ್ತಿದ ಮೇಲೆ ರೀಲಿನ ಹಿಡಿ ಚೂರು ತಿರುಗಿದರೂ ದಾರ ಮತ್ತೆ ಬಿಗಿ. ದೊಡ್ಡವರೇ ಮೀನು ಕಂಡ ಸಡಗರದಲ್ಲಿ ಮರೆಯುತ್ತಾರೆ. ಬೇಗ ಸುತ್ತುತ್ತದೆ ನಿಜ, ಅದು ಮುಂದೆ ನೋಡೋಣ. ಕೈಯಲ್ಲೇ ದಾರ ಸುತ್ತುವ ಡೋಲಿನ ರೀಲಿದೆಯಲ್ಲ, ಅದು ಎಲ್ಲಕ್ಕಿಂತ ಅಗ್ಗ, ಮರೆಯುವಂಥದ್ದೂ ಏನಿಲ್ಲ. ಆದರೆ ಸುತ್ತುವಷ್ಟು ಹೊತ್ತು ದಾರ ದೋಣಿಯ ತಳದಲ್ಲಿ ಬಿದ್ದಿರುತ್ತದೆ, ಕಾಲಿಗೆ ತೊಡರುತ್ತದೆ. ಬಿಲ್ಲಿನಲ್ಲಿ ತೂತುಗಳಿಲ್ಲದಿದ್ದರೆ ಅದನ್ನೇ ಟೇಪು ಸುತ್ತಿ ಕಟ್ಟಬೇಕಾಗುತ್ತಿತ್ತು. ನಿನ್ನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲಿನ ಪಕ್ಕದಲ್ಲಿ ಎರಡು ಸ್ಕ್ರೂ ತೂತುಗಳಿವೆ, ಬಾಟಲಿ ರೀಲು ಅಲ್ಲಿಗೇ ಕೂರುತ್ತದೆ.

ಬಾಟಲಿಯೊಳಗೆ 200 ಪೌಂಡ್ ತಡೆಯುವ ಹೆಣೆದ ದಾರ, 25 ಗಜ. 'ಅಷ್ಟು ದೊಡ್ಡ ಮೀನು ಎಲ್ಲಿದೆ' ಅಂತ ಕೇಳಬೇಡ. ದಪ್ಪ ದಾರ ಗಂಟು ಬೀಳುವುದು ಕಡಿಮೆ, ಕೈಗೂ ಹಿಡಿತ ಸಿಗುತ್ತದೆ. ಅದು ಯಾವುದಕ್ಕೂ ಸುತ್ತಿಕೊಂಡಿರುವುದಿಲ್ಲ, ಬಾಟಲಿಯಲ್ಲಿ ಶಾವಿಗೆಯ ಹಾಗೆ ಸಡಿಲವಾಗಿ ಬಿದ್ದಿರುತ್ತದೆ, ಬಾಣದ ಹಿಂದೆ ಸರಸರ ಹೋಗುತ್ತದೆ. ವಾಪಸ್ ಸುತ್ತುವಾಗ ಟ್ರಿಗರ್ ಒತ್ತಿ ಹಿಡಿದು ಹಿಡಿ ತಿರುಗಿಸಬೇಕು. ಒತ್ತದಿದ್ದರೆ ಹಿಡಿ ಸುಮ್ಮನೆ ಸುತ್ತುತ್ತದೆ, ದಾರ ಬರುವುದಿಲ್ಲ. ಕೆಟ್ಟಿದೆ ಅಂದುಕೊಂಡು ಬಿಚ್ಚಲು ಹೋಗಬೇಡ. ಬಾಣ ಬಿಡುವಾಗ ಮಾತ್ರ ಬೆರಳು ಟ್ರಿಗರ್ ಹತ್ತಿರ ಸುಳಿಯಬಾರದು. ಪ್ರತಿ ಸಲ ಸುತ್ತಿದ ಮೇಲೆ, ಬಾಣ ಹೂಡುವ ಮುಂಚೆ, ಗೇಣುದ್ದ ದಾರವನ್ನು ಕೈಯಿಂದ ಎಳೆದು ನೋಡು. ಸಲೀಸಾಗಿ ಬಂದರೆ ಸರಿ. ಬಿಗಿ ಅನಿಸಿದರೆ ಒಳಗೆ ಕೆಸರೋ ಜೊಂಡಿನ ಎಳೆಯೋ ಸೇರಿದೆ ಅಂತ ಅರ್ಥ. ದಾರವನ್ನೆಲ್ಲ ಹೊರಗೆಳೆದು ಮತ್ತೆ ಸುತ್ತು.

ರೀಲಿಗಿಂತ ಮುಖ್ಯವಾದದ್ದು ಪೆಟ್ಟಿಗೆಯ ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡು, ಸೇಫ್ಟಿ ಸ್ಲೈಡ್. ದಾರವನ್ನು ಬಾಣದ ಹಿಂತುದಿಗೆ ನೇರವಾಗಿ ಕಟ್ಟಿದರೆ ಅದು ಬಿಲ್ಲಿನ ಹೆದೆಯ ಪಕ್ಕದಲ್ಲೇ ಜೋತಾಡುತ್ತದೆ, ಹೆದೆಗೆ ಸಿಕ್ಕುವುದು ಹಾಗೆ. ಸ್ಲೈಡ್ ಬಾಣದ ಮೇಲೆ ಜಾರುವ ಬಳೆ ಇದ್ದಂತೆ. ದಾರವನ್ನು ಅದಕ್ಕೆ ಕಟ್ಟಿ, ಬಾಣ ಹೂಡಿದಾಗ ಸ್ಲೈಡನ್ನು ಬಿಲ್ಲಿನ ಮುಂದಕ್ಕೆ ಸರಿಸಿಡು. ಆಗ ದಾರವೆಲ್ಲ ಬಿಲ್ಲಿನಿಂದಾಚೆಗೇ ಇರುತ್ತದೆ. ಬಾಣ ಹೋದಂತೆ ಸ್ಲೈಡ್ ಹಿಂದಕ್ಕೆ ಜಾರಿ ಕೊನೆಯ ತಡೆಗೆ ನಿಲ್ಲುತ್ತದೆ. ಆ ತಡೆಯ ಸ್ಕ್ರೂ ಸಡಿಲವಾಗಿದೆಯಾ ಅಂತ ದಿನಾ ನೋಡಬೇಕು. ಗಂಟಿನ ಹತ್ತಿರ ದಾರದ ಎಳೆ ಎದ್ದಿದ್ದರೆ ಮೂರಡಿ ಕತ್ತರಿಸಿ ಹೊಸದಾಗಿ ಕಟ್ಟು. ಸ್ಲೈಡ್ ಇಲ್ಲದೆ ಒಂದು ಬಾಣವನ್ನೂ ಬಿಡುವ ಹಾಗಿಲ್ಲ. ಇದರಲ್ಲಿ ಅಪ್ಪನ ಹತ್ತಿರ ರಾಜಿ ಮಾಡಿಸಲು ಹೋಗಬೇಡ.

ಬಿಲ್ಲು ಎಳೆಯಲು 25 ಪೌಂಡ್ ಬಲ ಬೇಕಾಗುವಂಥದ್ದೇ ಇರಲಿ, ಎರಡಡಿ ನೀರಿನ ಮೀನಿಗೆ ಅಷ್ಟು ಸಾಕು. ಹತ್ತು ಸಲ ಎಳೆದರೂ ಬಿಲ್ಲನ್ನು ಆಕಾಶಕ್ಕೆ ಎತ್ತಿ ಎಳೆಯುವಂತಾಗಬಾರದು, ಬಿಲ್ಲಿನ ಬಲಕ್ಕೆ ಅದೇ ಲೆಕ್ಕ. ಹೆದೆಗೆ ರಬ್ಬರ್ ಬೆರಳುಕಾಪು ಹಾಕಿದ್ದೇನೆ. ಬಾಣವಿಲ್ಲದೆ ಹೆದೆ ಬಿಡಬೇಡ, ಬಿಲ್ಲೇ ಸೀಳುತ್ತದೆ.

ಮೊದಲ ವಾರ ಮೀನು ಬೇಡ. ಮೆತ್ತನೆ ಕೆಸರಿರುವ ಕಡೆ ಕಿತ್ತಳೆ ಹಣ್ಣನ್ನು ದಾರದಲ್ಲಿ ಕಲ್ಲಿಗೆ ಕಟ್ಟಿ ಮುಳುಗಿಸಿ ಹೊಡಿ. ಬೆಳಕು ನೀರಿನಲ್ಲಿ ಬಾಗುವುದರಿಂದ ಯಾವುದೇ ವಸ್ತು ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. 10 ಅಡಿ ದೂರ, 1 ಅಡಿ ಆಳಕ್ಕೆ 4 ಇಂಚು ಕೆಳಗೆ ಗುರಿಯಿಡು. ದೂರವೋ ಆಳವೋ ಎರಡರಷ್ಟಾದರೆ 8 ಇಂಚು. ತಪ್ಪುವ ಬಾಣಗಳು ಹೆಚ್ಚಾಗಿ ಮೀನಿನ ಮೇಲಿಂದಲೇ ಹೋಗುತ್ತವೆ. ಪೋಲರಾಯ್ಡ್ ಕನ್ನಡಕ ಹಾಕಿಕೋ, ನೀರಿನ ಮೇಲಿನ ಹೊಳಪು ಹೋಗುತ್ತದೆ, ಕಣ್ಣಿಗೂ ರಕ್ಷಣೆ.

ಅಮೆರಿಕದ ಈ ಇಲಿನಾಯ್ಸ್ ರಾಜ್ಯದಲ್ಲಿ 16 ತುಂಬುವವರೆಗೆ ಮೀನು ಹಿಡಿಯಲು ಲೈಸೆನ್ಸ್ ಬೇಡ, ಆದರೆ ನಿಯಮಗಳು ನಿನಗೂ ಅನ್ವಯ. ಬಾಸ್, ಕ್ರ್ಯಾಪಿಯಂಥ ಗಾಳದಲ್ಲಿ ಹಿಡಿಯುವ ಮೀನುಗಳಿಗೆ ಬಾಣ ಬಿಡುವಂತಿಲ್ಲ. ಗಾಳದ ಮೀನನ್ನು ನೀರಿಗೆ ವಾಪಸ್ ಬಿಡಬಹುದು, ಬಾಣ ತಗುಲಿದ್ದನ್ನು ಬಿಡಲಾಗದು. ಅದಕ್ಕೇ ಯಾವ ಮೀನು ಅಂತ ಗೊತ್ತಾಗದಿದ್ದರೆ ಬಿಲ್ಲು ಇಳಿಸು. ಅಜ್ಜಿಯ ಊರಿನ ಕೆರೆಗೆ ಮರಿ ತಂದು ಬಿಡುತ್ತಾರಲ್ಲ ಬೆಳ್ಳಿಗೆಂಡೆ, ಇಲಿನಾಯ್ಸ್ ನದಿಯಲ್ಲಿ ಅದೇ ದೊಡ್ಡ ಪೀಡೆ. ಮೋಟಾರಿನ ಸದ್ದಿಗೆ ನೀರಿನಿಂದ ಎಗರುತ್ತದೆ. ಗಾಳಿಯಲ್ಲಿರುವ ಮೀನಿಗೆ ನೀನು ಹೊಡೆಯಬೇಡ, ಬಾಣದ ದಾರಿಯಲ್ಲಿ ಪಕ್ಕದ ದೋಣಿಯವರಿರುತ್ತಾರೆ.

ಮೀನು ಸಿಕ್ಕಿತು ಅಂತಿಟ್ಟುಕೋ. ಹಿಡಿ ತಿರುಗಿಸಿ ಎಳೆಯಬೇಡ. ಕೈಗವಸು ಹಾಕಿ ದಾರವನ್ನೇ ಎಳೆ, ಬರಿಗೈಗೆ ಸುತ್ತಿಕೊಂಡರೆ ಬೆರಳು ಕೊಯ್ಯುತ್ತದೆ. ಬಿಡಿಸುವುದಕ್ಕೆ ಮೊನೆಯನ್ನು ಒಂದೆರಡು ಸುತ್ತು ಸಡಿಲಿಸಿದರೆ ಮುಳ್ಳು ಮುಂದಕ್ಕೆ, ಮೊನೆಯ ತುದಿಯ ಕಡೆಗೆ ಮಡಚುತ್ತದೆ, ಬಾಣ ಈಚೆ ಬರುತ್ತದೆ. ಮತ್ತೆ ಬಿಗಿ ಮಾಡಲು ಮರೆತರೆ ಮುಂದಿನ ಮೀನು ಜಾರಿಕೊಂಡಿತು ಅಂತಲೇ.

ಮನೆಗೆ ಬಂದ ಮೇಲೆ ದಾರ ಪೂರ್ತಿ ಹೊರಗೆಳೆದು, ಸಿಹಿನೀರಲ್ಲಿ ಜಾಲಾಡಿ, ಒಣಗಿಸಿ ಸುತ್ತಿಡು. ಒದ್ದೆ ದಾರ ಬಾಟಲಿಯಲ್ಲಿ ಉಂಡೆ ಕಟ್ಟುತ್ತದೆ, ವಾಸನೆ ಬೇರೆ.

ಸ್ಕ್ರೂಗಳನ್ನು ಅಪ್ಪ ಬಂದ ಮೇಲೆ ಬಿಗಿ ಮಾಡಿ. ಅಲೆನ್ ಕೀ ಅಡುಗೆಮನೆಯ ಎರಡನೇ ಡ್ರಾಯರ್‌ನಲ್ಲಿದೆ.

ಅಮ್ಮ