ಪ್ಲೈವುಡ್ ಅಂಗಡಿಯಲ್ಲಿ ಸಿಕ್ಕ ಕಾಕಾ, ನಿಮಗೆ ತುಂಬಾ ಧನ್ಯವಾದ

ಕಾಕಾ, ನಿಮ್ಮ ಹೆಸರು ಕೇಳೋದೇ ಮರೆತೆ. ಹೋದ ತಿಂಗಳು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಪ್ಲೈವುಡ್ ಅಂಗಡಿಯಲ್ಲಿ ಮೊಬೈಲಿನ ಫೋಟೋ ಹಿಡಿದು ನಿಂತಿದ್ದವಳು ನಾನು. 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜನ್ನರೆ ಚಂಡೀಗಢಕ್ಕಾಗಿ ಮಾಡಿದ ತೇಗ, ಬೆತ್ತದ ಕುರ್ಚಿಗಳನ್ನು ನೋಡಿದಾಗಿನಿಂದ ಅಂಥದ್ದೇ ಬೆತ್ತದ ಬಾಗಿಲಿನ ಕಪಾಟು ಬೇಕು ಅಂತ ಆಸೆ, ಆದರೆ ತೇಗಕ್ಕೆ ಅಷ್ಟು ದುಡ್ಡು ಎಲ್ಲಿಂದ ತರಲಿ?

"ಪೂರ್ತಿ ತೇಗ ಯಾಕವ್ವಾ, ಬಾಗಿಲ ಚೌಕಟ್ಟಿಗೆ ಅಷ್ಟೇ ಸಾಕು" ಅಂದಿರಿ. ಉಳಿದಿದ್ದಕ್ಕೆ 18 ಎಂಎಂ ಪ್ಲೈವುಡ್. ಬಿಲ್ಲಿನ ಹಿಂದೆ ಗೀಟು ಹಾಕಿ ತೋರಿಸಿದಿರಿ: 8ಕ್ಕೆ 4 ಅಡಿಯ ಒಂದೇ ಹಾಳೆಯಲ್ಲಿ ಎರಡು ಪಕ್ಕ, ಮೇಲೆ, ಕೆಳಗೆ, ಒಳಗಿನ ಎರಡು ಹಲಗೆ ಎಲ್ಲಾ ಬಂತು, ತುಂಡೂ ಉಳಿಯಿತು. 3 ಅಡಿ ಅಗಲ, 4 ಅಡಿ ಎತ್ತರ ಇದ್ದರೆ ಮೂಲೆಯಿಂದ ಮೂಲೆಗೆ 5 ಅಡಿ ಬರಬೇಕು, ಎರಡೂ ಕಡೆ ಅಳೆದು ನೋಡಿಯೇ ಸ್ಕ್ರೂ ಬಿಗಿ ಅಂದಿದ್ದಿರಲ್ವಾ, ಆ ಒಂದು ಮಾತಿನಿಂದ ಬಾಗಿಲು ಎಲ್ಲೂ ತಾಗದೆ ಮುಚ್ಚುತ್ತದೆ.

ಬೆತ್ತದ ಜಾಲರಿಯನ್ನು ನೀರಲ್ಲಿ ನೆನೆಸಿ ಕೂರಿಸಿದೆ. ಒಣಗಿದ ಮೇಲೆ ಡೊಳ್ಳಿನ ಚರ್ಮದ ಹಾಗೆ ಬಿಗಿಯಾಯಿತು. ಈಗ ಕಪಾಟಿನಲ್ಲಿ ಅವ್ವನ ಖಡಕ್ ರೊಟ್ಟಿಯ ಡಬ್ಬಿಗಳಿವೆ. ನಿಮ್ಮ ಮನೆ ಸ್ಟೇಷನ್ ರಸ್ತೆ ಕಡೆಗಿದೆ ಅಂದಿದ್ದಿರಿ. ಇದನ್ನು ಓದಿದರೆ ದಯವಿಟ್ಟು ಒಮ್ಮೆ ಬಂದು ನೋಡಿ ಕಾಕಾ.